ಬೊಳ್ಳಿಯ ಮಗು, ಗೈರು

"ಇನ್ನೂ ಗಟ್ಟಿ," ಅಂದರು ಡಾಕ್ಟರು.

ನಿಂಗಮ್ಮ ಗಟ್ಟಿ ಹಿಡಿದಳು. ಅವಳ ಎರಡು ಅಂಗೈಗಳ ನಡುವೆ ಮಗುವಿನ ತಲೆ ಒಂದು ಕಿತ್ತಳೆಯಷ್ಟಿತ್ತು. ಹೆಬ್ಬೆರಳು ಹಣೆಯ ಮೇಲೆ, ಉಳಿದ ಬೆರಳು ಕಿವಿಯ ಹಿಂದೆ. ನೆತ್ತಿಯ ಮೆತ್ತಗಿನ ಜಾಗ ಬಡಿದುಕೊಳ್ಳುತ್ತಿದ್ದುದು ಬೆರಳ ತುದಿಗೆ ತಾಗುತ್ತಿತ್ತು. ಅಲ್ಲಿ ಒತ್ತಬಾರದು. ಬೇರೆಲ್ಲ ಕಡೆ ಒತ್ತಬೇಕು. ತಲೆ ಕೂದಲೆಳೆಯಷ್ಟು ಅಲ್ಲಾಡಿದರೂ ಡಾಕ್ಟರ ಕೈಯ ಕಡ್ಡಿ ಕಣ್ಣಿಗೆ ಚುಚ್ಚುತ್ತದೆ.

ತಂತಿಯ ಕ್ಲಿಪ್ಪು ರೆಪ್ಪೆಗಳನ್ನು ಮೇಲಕ್ಕೂ ಕೆಳಕ್ಕೂ ದೂಡಿ ನಿಂತಿತು. ಕಣ್ಣುಗುಡ್ಡೆ ಪೂರಾ ಹೊರಗೆ ಕಂಡಿತು. ಡಾಕ್ಟರ್ ಶಿಶಿರ್ ತಲೆಗೆ ಕಟ್ಟಿಕೊಂಡ ದೀಪ ಹೊತ್ತಿಸಿದರು. ಒಂದು ಕೈಯಲ್ಲಿ ದಪ್ಪ ಗಾಜು, ಇನ್ನೊಂದು ಕೈಯಲ್ಲಿ ಸಣ್ಣ ಕಡ್ಡಿ. ಕಡ್ಡಿಯಿಂದ ಗುಡ್ಡೆಯನ್ನು ಪಕ್ಕಕ್ಕೆ ಒತ್ತಿ, ಗಾಜಿನೊಳಗಿಂದ ಕಣ್ಣಿನ ಹಿಂದಿನ ಪರದೆ ನೋಡಿದರು. ಮಗು ಕೂಗಿತು. ದಿನ ತುಂಬದೆ ಹುಟ್ಟಿದ ಮಕ್ಕಳ ಕೂಗು ಬೇರೆ. ಮೊದಲು ಬಾಯಿ ತೆರೆಯುತ್ತದೆ, ಮುಖ ಕೆಂಪಾಗುತ್ತದೆ, ಆಮೇಲೆ ಎಷ್ಟೋ ಹೊತ್ತಿಗೆ ಸದ್ದು ಬರುತ್ತದೆ.

ಬಾಗಿಲ ಹೊರಗೆ ಅದರ ತಾಯಿ ಅಳುತ್ತಿದ್ದಳು. ತಾಯಂದಿರನ್ನು ಒಳಗೆ ಬಿಡುವುದಿಲ್ಲ. ಬಿಟ್ಟರೆ ನಿಂಗಮ್ಮನ ಕೈ ಹಿಡಿದು ಎಳೆಯುತ್ತಾರೆ. ಹಿಂದೊಬ್ಬಳು ಅವಳ ಮುಂಗೈ ಕಚ್ಚಿದ್ದಳು.

"ಪರವಾಗಿಲ್ಲ. ಎರಡು ವಾರ ಬಿಟ್ಟು ಬರಲಿ," ಎಂದು ಡಾಕ್ಟರು ಹಳದಿ ಫೈಲಿನಲ್ಲಿ ಗೀಚಿದರು. "ನೆಕ್ಸ್ಟ್."

ಬಾಗಿಲಲ್ಲಿ ವಾಚ್‌ಮನ್ ಶಾಂತಪ್ಪ ಇಣುಕಿದ. "ನಿಂಗಮ್ಮಕ್ಕ, ಆಫೀಸಲ್ಲಿ ಕರೀತಾವ್ರೆ. ಮೂರು ಗಂಟೆಗೆ ಮಡಿಕೇರಿಯಿಂದ ಎನ್‌ಕ್ವಯರಿಯವರು ಬರ್ತಾರಂತೆ. ಅಷ್ಟ್ರೊಳಗೆ ನಿನ್ ಸೈನು ಬೇಕಂತೆ."

ಡಾಕ್ಟರು ಕೈ ತೊಳೆಯುತ್ತಿದ್ದರು. ಕೇಳಿಸಿಕೊಂಡರು. ತಿರುಗಲಿಲ್ಲ.

"ಆ ಎರವರ ಮಗೀದಾ?" ನಿಂಗಮ್ಮ ಕೇಳಿದಳು.

"ಇನ್ಯಾವ್ದು? ಕಾಯಂ ಮಾಡ್ತಾರಂತೆ ಕಣಕ್ಕ ನಿನ್ನ. ಆದ್ಮೇಲೆ ನನ್ನ ಮರೀಬ್ಯಾಡ, ಒಂದು ಟೀನಾರೂ ಕುಡ್ಸು."

"ಬೇಗ ಹೋಗಿ ಬಾ," ಅಂದರು ಡಾಕ್ಟರು, ಟವೆಲ್ಲಿಗೆ ಕೈ ಒರೆಸುತ್ತ. "ನೀನಿಲ್ಲದೆ ನನಗೆ ಕೈ ಓಡಲ್ಲ. ಒಂದು ಗಂಟೆಗೆ ನಾನು ಹೊರಡಬೇಕು."

"ಬಿಳಿ ಚೀಟಿಯವು ಆರು ಅವೆ ಸಾರ್. ಮೂರು ಸುತ್ತು ಡ್ರಾಪ್ಸ್ ಹಾಕಿ ಕೂರ್ಸಿದೀನಿ."

"ಹಳದಿ ಇನ್ನೆಷ್ಟು?"

"ಮೂರು."

"ನೋಡೋಣ." ಆಮೇಲೆ, ಅವಳು ಏನೂ ಕೇಳದಿದ್ದರೂ, ಹೇಳಿದರು. "ನಾನು ನೋಡಿದ ಮಕ್ಕಳಿಗೆ ನಾನು ಜವಾಬ್ದಾರಿ, ನಿಂಗಮ್ಮ. ನೋಡದೇ ಇದ್ದದ್ದಕ್ಕೆ ಹೇಗೆ ಹೇಳಲಿ."

ಹದಿನೈದು ದಿನಕ್ಕೊಂದು ಗುರುವಾರ ಅವರು ಮೈಸೂರಿಂದ ಕುಶಾಲನಗರದ ಈ ಟ್ರಸ್ಟ್ ಆಸ್ಪತ್ರೆಗೆ ಬರುತ್ತಿದ್ದರು. ಮಕ್ಕಳ ಕಣ್ಣಿನ ಡಾಕ್ಟರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಏಳು ತಿಂಗಳಿಗೆ, ಎಂಟು ತಿಂಗಳಿಗೆ ಹುಟ್ಟಿದ ಮಕ್ಕಳನ್ನೆಲ್ಲ ಇವರ ಹತ್ತಿರವೇ ತರಬೇಕು. ಹುಟ್ಟಿದ ಒಂದು ತಿಂಗಳೊಳಗೆ ನೋಡಿಸಿದರೆ, ಕೆಟ್ಟಿದ್ದರೂ ಲೇಸರ್ ಹಾಕಿ ಉಳಿಸಬಹುದು. ಒಂದೆರಡು ತಿಂಗಳು ತಡವಾದರೆ ಪರದೆ ಕಿತ್ತು ಬರುತ್ತದೆ. ಆಮೇಲೆ ಯಾರ ಹತ್ತಿರ ಹೋದರೂ ಅಷ್ಟೆ. ಇದೆಲ್ಲ ನಿಂಗಮ್ಮನಿಗೆ ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಹನ್ನೊಂದು ವರ್ಷ ಮಕ್ಕಳ ತಲೆ ಹಿಡಿದು ನಿಂತು, ಮೇಲಿನಿಂದ ಬೀಳುತ್ತಿದ್ದ ಮಾತುಗಳಿಂದ ಕಲಿತದ್ದು.

ಹಳದಿ ಫೈಲು ಅಂದರೆ ಕಾಸು ಕೊಟ್ಟವರು. ಬಿಳಿ ಚೀಟಿ ಅಂದರೆ ಪುಕ್ಕಟೆಯವರು. ಹಳದಿ ಮುಗಿಯದೆ ಬಿಳಿಯನ್ನು ಒಳಗೆ ಕರೆಯುವಂತಿಲ್ಲ. ಇದನ್ನು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ಬರೆದದ್ದು ಬೇರೆ: ‘ಪ್ರತಿ ಮಗುವಿಗೂ ದೃಷ್ಟಿ.’ ಅದರ ಕೆಳಗೆ ದೊಡ್ಡದೊಂದು ಫೋಟೋ. ಎರಡು ಕಪ್ಪು ಕೈಗಳ ನಡುವೆ ಒಂದು ಮಗುವಿನ ಮುಖ. ಕೈಗಳು ನಿಂಗಮ್ಮನವು. ಮಣಿಕಟ್ಟಿನಿಂದ ಮೇಲೆ ಫೋಟೋ ಇರಲಿಲ್ಲ.

ಅವಳು ಕೈ ತೊಳೆದು ಹೊರಗೆ ಬಂದಳು. ಬೆಂಚಿನ ಮೇಲೆ ಬಿಳಿ ಚೀಟಿಯ ತಾಯಂದಿರು ಸಾಲಾಗಿ ಕೂತಿದ್ದರು. ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಹಾಲು ಕೊಡಬಾರದು. ಆರೂ ಮಕ್ಕಳು ಹಸಿದಿದ್ದವು. ಕೇರಳದ ಗಡಿಯ ಕರಿಕೆಯಿಂದ ಬಂದ ಹುಡುಗಿ, ಹತ್ತೊಂಬತ್ತು ದಾಟಿರಲಿಕ್ಕಿಲ್ಲ, ಎದ್ದು ನಿಂತಳು.

"ಚೇಚೀ, ಇನ್ನೆಷ್ಟೊತ್ತು? ಬೆಳಗಿನ ಜಾವ ನಾಲ್ಕು ಗಂಟೆಗೆ ಜೀಪು ಹತ್ತಿದ್ದು. ಮಗು ಬೆರಳು ಚೀಪಿ ಚೀಪಿ ನಿದ್ದೆ ಹೋಯ್ತು."

"ಕೂತ್ಕೊ ತಾಯಿ. ಕರೀತೀನಿ."

ಇದೇ ಮಾತನ್ನು ಇದೇ ಬೆಂಚಿನ ಮುಂದೆ ನಿಂತು ಎಷ್ಟು ಜನಕ್ಕೆ ಹೇಳಿದ್ದಳೋ. ಬೊಳ್ಳಿಗೂ ಹೇಳಿದ್ದಳು.

ಬೊಳ್ಳಿ ಆಫೀಸಿನ ಹತ್ತಿರ, ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ ಕಾಳ ಕಂಬಕ್ಕೆ ಒರಗಿ ನಿಂತಿದ್ದ. ನೆಲ್ಯಹುದಿಕೇರಿಯ ಹೊಳೆ ದಂಡೆಯ ಎಸ್ಟೇಟೊಂದರ ಕೂಲಿಯವರ ಲೈನಿನಲ್ಲಿ ಅವರ ಮನೆ. ಕಾಳನಿಗೆ ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸ, ಈಗ ಕರಿಮೆಣಸು ಕುಯ್ಲು. ಒಂಟಿ ಬಿದಿರಿನ ಏಣಿ ಹೊತ್ತು ಹೊತ್ತು ಅವನ ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗಿತ್ತು. ಗಂಡ ಹೆಂಡತಿ ಇಬ್ಬರೂ ಎರವರು, ಕಾಡಿನ ಹಾಡಿಗಳಿಂದ ತೋಟದ ಕೂಲಿಗೆ ಬಂದ ಜನ. ಆಸ್ಪತ್ರೆಯ ಕುರ್ಚಿಗಳು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಮೊದಲ ಸಲ ಬಂದಾಗ ಕೂತಿದ್ದರು. ಯಾರೋ ಎಬ್ಬಿಸಿದ್ದರು.

ಮಗುವಿಗೆ ಈಗ ಐದು ತಿಂಗಳು. ಬೊಳ್ಳಿಯ ಮಡಿಲಲ್ಲಿ ಮಲಗಿ ಕಾಲು ಒದೆಯುತ್ತಿತ್ತು. ಕೆನ್ನೆ ತುಂಬಿಕೊಂಡಿತ್ತು. ನಿಂಗಮ್ಮನ ಚಪ್ಪಲಿಯ ಸದ್ದಿಗೆ ತಲೆ ತಿರುಗಿಸಿತು. ಕಣ್ಣು ತಿರುಗಲಿಲ್ಲ. ಕರಿಗುಡ್ಡೆಯ ನಡುವೆ ಸುಣ್ಣದ ನೀರಿನ ಬಿಳಿ ಬಣ್ಣ.

ನಿಂಗಮ್ಮ ಬಗ್ಗಿ ನೋಡಿದಳು. ನೋಡಬಾರದಿತ್ತು ಅನ್ನಿಸಿತು.

"ಹೆಸರಿಟ್ರಾ?"

"ಇಲ್ಲಕ್ಕ," ಅಂದಳು ಬೊಳ್ಳಿ. "ಇಡೋದು ಅಂತಿತ್ತು. ಅಷ್ಟೊತ್ತಿಗೆ ಮೈಸೂರಿಗೆ ಹೋಗಾಯ್ತು. ಅಲ್ಲಿ ದೊಡ್ಡ ಡಾಕ್ಟರು ನೋಡಿ, ಮುಗೀತು, ಇನ್ನು ತರಬೇಡಿ ಅಂದ್ರು."

ಆಸ್ಪತ್ರೆಯ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ. ‘ಬೊಳ್ಳಿಯ ಮಗು’ ಎಂದಿತ್ತು.

ಕಾಳ ಕಂಬ ಬಿಟ್ಟು ಬಂದ. "ಅಕ್ಕ, ಒಂದು ಮಾತು ಕೇಳ್ತೆ. ನಾವು ಬಂದಿದ್ವಾ, ಇಲ್ವಾ?"

"ಬಂದಿದ್ರಿ."

"ಒಳಗಿನ ಅಯ್ಯ ಬಂದಿಲ್ಲ ಅಂತಾರೆ. ಬುಕ್ಕಲ್ಲಿ ಉಂಟು ಅಂತಾರೆ. ಬೆರಳಿಟ್ಟು ತೋರಿಸಿದ್ರು. ನಂಗೆ ಓದಕ್ಕೆ ಬರಲ್ಲ. ಮೂರು ಸಲ ಬಂದಿದ್ದು ನಾನು. ಅಥವಾ ನಂಗೇ ಕನಸು ಬಿತ್ತಾ ಅಂತ ಇವಳನ್ನ ಕೇಳಿದೆ."

ನಿಂಗಮ್ಮ ಆಫೀಸಿನ ಬಾಗಿಲ ಕಡೆ ನೋಡಿದಳು.

"ಅಂಗನವಾಡಿ ಟೀಚರು ಮಡಿಕೇರಿಗೆ ಅರ್ಜಿ ಬರ್ದು ಕೊಟ್ರು, ನಾನು ಹೆಬ್ಬೆಟ್ಟು ಒತ್ತಿದೆ. ನಮ್ಮ ಎಸ್ಟೇಟ್ ರೈಟರ್ ಪೊನ್ನಪ್ಪನವ್ರು ನಿನ್ನೆ ಕರೆದು ಹೇಳಿದ್ರು. ಕೇಸು ಬೇಕಾ ಲೈನ್ ಮನೆ ಬೇಕಾ, ಒಂದು ಹೇಳು ಅಂತ."

"ನೀನೇನಂದೆ?"

"ಏಣಿ ತಕ್ಕೊಂಡು ಕೆಲಸಕ್ಕೆ ಹೋದೆ." ಅವನು ಬಲಭುಜ ಉಜ್ಜಿಕೊಂಡ. "ಕೊನೇ ಸಲ ನೀನು ಬಾ ಅಂದಿದ್ದೆ ಅಕ್ಕ. ನಾವು ಬರಲಿಲ್ಲ. ಅದು ನಮ್ಮ ತಪ್ಪು. ಪೋಲಿಯೋ ಹಾಗೆ ಅಂತ ನಾವು ತಿಳ್ಕಂಡಿದ್ದು."

"ಯಾವ ಪೋಲಿಯೋ?"

"ಲೈನಿಗೆ ಬಂದು ಹಾಕ್ತಾರಲ್ಲ. ಎರಡು ಹನಿ ಹಾಕಿ ಬೆರಳಿಗೆ ಮಸಿ ಹಚ್ಚಿದ್ರೆ ಆಯ್ತು, ಮಗು ಪಾಸು. ನೀನು ಕಣ್ಣಿಗೆ ಹನಿ ಬಿಟ್ಟೆ. ಅಂಗಾಲಿಗೆ ನೀಲಿ ಚುಕ್ಕೆ ಇಟ್ಟೆ. ಮೂರು ಸಲಾನೂ ಇಟ್ಟೆ. ಮೂರು ಸಲ ಆಯ್ತಲ್ಲ, ಔಷಧಿ ಪೂರ್ತಿ ಆಯ್ತು ಅಂತ ಇವಳೂ ಅಂದ್ಲು, ನಾನೂ ಅಂದೆ. ಲೈನಿನವ್ರಿಗೆಲ್ಲ ಕಾಲು ಎತ್ತಿ ತೋರಿಸಿದ್ವಿ."

ನಿಂಗಮ್ಮ ಮಗುವಿನ ಅಂಗಾಲು ನೋಡಿದಳು.

ಚುಕ್ಕೆ ಅವಳದೇ ಉಪಾಯ. ಅವಳಿಗೆ ಓದು ಬರಹ ಬಾರದು, ಹೆಸರೊಂದು ಬರೆಯಲು ಮಗಳು ಕಲಿಸಿದ್ದಳು. ಇಪ್ಪತ್ತು ಮಕ್ಕಳಿಗೆ ಹತ್ತು ಹತ್ತು ನಿಮಿಷಕ್ಕೆ ಮೂರು ಸುತ್ತು ಹನಿ ಬಿಡಬೇಕು. ಕಣ್ಣಿನ ಕರಿಬೊಟ್ಟು ಅಗಲವಾಗಲಿ, ಒಳಗೆ ನೋಡಲು ದಾರಿಯಾಗಲಿ ಅಂತ ಆ ಹನಿ. ಅದು ಔಷಧಿಯೂ ಅಲ್ಲ, ಏನೂ ಅಲ್ಲ. ಯಾವ ಮಗುವಿಗೆ ಎಷ್ಟು ಸುತ್ತಾಯಿತು ಎಂದು ನೆನಪಿಡಲು ಅಂಗಾಲಿಗೆ ನೀಲಿ ಔಷಧಿಯ ಚುಕ್ಕೆ ಇಡುತ್ತಿದ್ದಳು. ಒಂದು ಸುತ್ತಿಗೆ ಒಂದು. ಡಾಕ್ಟರು ಮೆಚ್ಚಿದ್ದರು. ತನಗೆ ಬೇಕಾಗಿ ಇಟ್ಟ ಗುರುತನ್ನು ಇನ್ನೊಬ್ಬರು ಮನೆಗೆ ಹೋಗಿ ಓದುತ್ತಾರೆ ಎಂದು ಅವಳು ಯೋಚಿಸಿರಲಿಲ್ಲ.

ಮೊದಲ ಗುರುವಾರ ಡಾಕ್ಟರ ಕಾರು ಹನ್ನೆರಡಕ್ಕೆ ಬಂತು. ಹಳದಿಯಷ್ಟೇ ಮುಗಿಯಿತು. ಎರಡನೆಯ ಗುರುವಾರ ಫಂಡು ಕೊಡುವವರು ಹೊರದೇಶದಿಂದ ಬಂದಿದ್ದರು. ಅವರಿಗೆ ಯಂತ್ರ ತೋರಿಸಿ, ಊಟ ಹಾಕಿಸಿ ಕಳಿಸುವುದರಲ್ಲಿ ಹೊತ್ತು ಹೋಯಿತು. ಮೂರನೆಯ ಗುರುವಾರ ಬೊಳ್ಳಿಯ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಮೇಜಿನ ಮೇಲೆ ಮಲಗಿಸಿ, ತಲೆ ಹಿಡಿದು ನಿಂತಿದ್ದಳು ನಿಂಗಮ್ಮ. ಡಾಕ್ಟರು ತಲೆಯ ದೀಪ ಬಿಚ್ಚಿಟ್ಟರು. "ಒಂದೇ ಒಂದು ಸಾರ್," ಅಂದಳು. "ಮೈಸೂರಲ್ಲಿ ನಲವತ್ತು ಜನ ಕಾಯ್ತಿದ್ದಾರೆ," ಅಂದರು. ಅವಳು ಬಟ್ಟೆ ಬಿಚ್ಚಿ ಮಗುವನ್ನು ಹೊರಗೆ ಕೊಟ್ಟಳು. ಕರಿಬೊಟ್ಟು ಅಗಲವಾಗಿದ್ದರಿಂದ ಬೆಳಕು ಚುಚ್ಚಿ ಅದು ಕಣ್ಣು ಮುಚ್ಚಿಕೊಂಡು ಅಳುತ್ತಿತ್ತು. "ನೋಡಿದ್ರಾ ಅಕ್ಕ?" ಎಂದು ಬೊಳ್ಳಿ ಕೇಳಿದ್ದಳು. ದಣಿದಿದ್ದಳು ನಿಂಗಮ್ಮ, ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. "ಹನಿ ಬಿಟ್ಟಿದೀನಿ, ಏನೂ ಆಗಲ್ಲ ಹೋಗು, ಬರೋ ಸಲ ಬಾ," ಅಂದುಬಿಟ್ಟಿದ್ದಳು.

ಆ ಮಾತನ್ನು ಬೊಳ್ಳಿ ಈಗ ಎತ್ತಲಿಲ್ಲ. ಮರೆತಿದ್ದಳೋ, ಬೇಡವೆಂದು ಬಿಟ್ಟಳೋ.

"ಅಮ್ಮ. ಈ ಕಡೆ ಬಾ."

ರೆಕಾರ್ಡ್ ರೂಮಿನ ಬಾಗಿಲಲ್ಲಿ ಮಗಳು ಉಷಾರಾಣಿ ನಿಂತಿದ್ದಳು. ಇಪ್ಪತ್ತೆರಡು ವರ್ಷ, ತಿಳಿನೀಲಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ. ಇದೇ ಟ್ರಸ್ಟಿನ ಕಣ್ಣು ಪರೀಕ್ಷೆಯ ಡಿಪ್ಲೊಮಾ ಮಾಡುತ್ತಿದ್ದಳು, ಕೊನೆಯ ವರ್ಷ. ಆಯಾ ಮಗಳೆಂದು ಸೀಟು ಪುಕ್ಕಟೆ ಕೊಟ್ಟಿದ್ದರು. ಅದಕ್ಕೆ ಪ್ರತಿಯಾಗಿ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳೂ ಆಫೀಸಿನ ಬೀರುವಿನಲ್ಲಿದ್ದವು. ಗುರುವಾರದ ಪುಸ್ತಕ ಬರೆಯುವುದು ಅವಳ ಕೆಲಸ.

ಉಷಾರಾಣಿ ಬಾಗಿಲು ಮುಚ್ಚಿದಳು.

"ಅವರ ಹತ್ರ ನಿಂತು ಏನು ಮಾತಾಡ್ತಿದ್ದೆ? ಎಲ್ಲರೂ ನೋಡ್ತಾವ್ರೆ."

"ಮಗೀನ ನೋಡ್ದೆ."

"ಅಮ್ಮ, ಸೈನ್ ಹಾಕ್ಬಿಡು. ಆ ಪುಸ್ತಕದಲ್ಲಿರೋದು ನನ್ನ ಅಕ್ಷರ. ಮೂರು ಗುರುವಾರದ್ದೂ. ಅವರು ಬಂದಿದ್ರು ಅಂತ ನೀನಂದ್ರೆ, ನಾನು ಸುಳ್ಳು ಬರ್ದೆ ಅಂತ ಆಗುತ್ತೆ."

"ಬರ್ದಿದ್ದು ಸುಳ್ಳೇ ತಾನೆ."

"ಬೇರೆ ಎಲ್ಲಿ ಬರೀಲಿ? ಎರಡೇ ಕಾಲಂ ಇರೋದು. ‘ನೋಡಿದೆ’, ಇಲ್ಲಾಂದ್ರೆ ‘ಗೈರು’. ಬಂದು, ಕಾದು, ನೋಡ್ಸದೆ ಹೋದ್ರು ಅಂತ ಬರೆಯಾಕೆ ಜಾಗ ಎಲ್ಲೈತೆ? ಮೊದಲ ದಿನಾನೇ ಕೇಳಿದೆ ಆಫೀಸಿನ ಸಾರನ್ನ. ನೋಡದವರನ್ನೆಲ್ಲ ಗೈರು ಅಂತ ಹಾಕಮ್ಮ, ಫಂಡು ಕೊಡೋರು ಪ್ರಶ್ನೆ ಕೇಳಬಾರದು ಅಂದ್ರು. ನಾನು ಹಾಕ್ದೆ. ಈಗ ಕೇಳಿದ್ರೆ, ಹಾಗಂದೇ ಇಲ್ಲ ಅಂತಾರೆ."

"ಎಷ್ಟು ಮಕ್ಕಳಿಗೆ ಹಾಕಿದೀಯ ಹಂಗೆ?"

ಉಷಾರಾಣಿ ಪೆನ್ನಿನ ಮುಚ್ಚಳ ತೆಗೆದು ಹಾಕಿದಳು. ತೆಗೆದು ಹಾಕಿದಳು.

"ಉಷಾ."

"ಲೆಕ್ಕ ಇಟ್ಟಿಲ್ಲ. ಬೇರೆಯವು ಚೆನ್ನಾಗಿರಬಹುದು. ಎಲ್ಲ ಮಕ್ಕಳದ್ದೂ ಕೆಡಲ್ಲ." ಅವಳು ಪೆನ್ನನ್ನು ಕೋಟಿನ ಜೇಬಿಗೆ ಸಿಕ್ಕಿಸಿದಳು. "ಈಗ ನಿಜ ಹೇಳಿದ್ರೆ ಆ ಮಗೂಗೆ ಕಣ್ಣು ವಾಪಸ್ ಬರುತ್ತಾ? ಬರಲ್ಲ. ಹೋಗೋದು ನಂದು. ಕೋರ್ಸು ಹೋಗುತ್ತೆ. ಪೊಲೀಸರ ತಂಕ ಹೋದ್ರೂ ಹೋಗಬಹುದು. ಅಪ್ಪ ಸತ್ತಾಗಿಂದ ನೀನು ಈ ಕೆಲಸ ಮಾಡಿದ್ದು ಯಾತಕ್ಕೆ? ನಾನೂ ಪೊರಕೆ ಹಿಡೀಲಿ ಅಂತಾನಾ?"

ನಿಂಗಮ್ಮ ಮಗಳ ಮುಖ ನೋಡಿದಳು. ಅರಕಲಗೂಡಿನ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ತನಗೆ ಹದಿನೇಳು. ಗಂಡ ಸಣ್ಣಸ್ವಾಮಿ ಶುಂಠಿ ಹೊಲದಲ್ಲಿ ಔಷಧಿ ಹೊಡೆಯುತ್ತ ಒಂದು ಮಧ್ಯಾಹ್ನ ಬಿದ್ದವನು ಏಳಲಿಲ್ಲ. ಆಮೇಲಿನದೆಲ್ಲ ಈ ಹುಡುಗಿಗಾಗಿ. ಕಕ್ಕಸು ತೊಳೆದದ್ದು, ರಕ್ತದ ಬಟ್ಟೆ ಹಿಂಡಿದ್ದು, ಮಕ್ಕಳ ತಲೆ ಹಿಡಿದು ತಾಯಂದಿರ ಶಾಪ ಹೊತ್ತದ್ದು. ಉಷಾರಾಣಿ ಮೊದಲ ಸಲ ನೀಲಿ ಕೋಟು ಹಾಕಿಕೊಂಡ ದಿನ ನಿಂಗಮ್ಮ ಅದರ ಗುಂಡಿ ಮುಟ್ಟಿ ಮುಟ್ಟಿ ನೋಡಿದ್ದಳು.

"ಆಯ್ತು ಬಿಡು," ಅಂದಳು. "ಹಾಕ್ತೀನಿ."

ಹೇಳುವಾಗ ಹಾಕುವ ಮನಸ್ಸೇ ಇತ್ತು. ಇಷ್ಟು ದಿನ ಬಾಗಿದವಳಿಗೆ ಇನ್ನೊಂದು ಸಲ ಬಾಗುವುದು ಕಷ್ಟವಾಗಿ ಕಾಣಲಿಲ್ಲ. ಕಾಳನ ಕಡೆ ನೋಡದೆ, ಗೋಡೆಯ ಪಕ್ಕದಲ್ಲೇ ನಡೆದು, ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಪುಸ್ತಕ ಎದೆಗೊತ್ತಿಕೊಂಡು ಉಷಾರಾಣಿಯೂ ಹಿಂದೆ ಬಂದಳು.

"ಬನ್ನಿ ನಿಂಗಮ್ಮ. ಕೂತ್ಕೊಳ್ಳಿ," ಅಂದರು ವಿಷ್ಣುಪ್ರಸಾದ್.

ಅವರು ಆಸ್ಪತ್ರೆಯ ಆಡಳಿತಾಧಿಕಾರಿ. ಮಡಿಕೇರಿಯವರು, ಮೇಷ್ಟರ ಮನೆತನ. ಯಾರಿಗೂ ಏಕವಚನ ಬಳಸಿದವರಲ್ಲ, ದನಿ ಏರಿಸಿದವರಲ್ಲ. ನೀರನ್ನು ಮಾತ್ರ ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತಿದ್ದರು. ಅವರ ಕೋಣೆಯ ಲೋಟವನ್ನು ಬೇರೆಯವಳು ತೊಳೆಯುತ್ತಿದ್ದಳು, ನಿಂಗಮ್ಮನಲ್ಲ. ಹನ್ನೊಂದು ವರ್ಷದಲ್ಲಿ ಅವರು ಅವಳನ್ನು ಕೂರಲು ಹೇಳಿದ್ದು ಇದೇ ಮೊದಲು. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಕುರ್ಚಿ ಮೆತ್ತಗಿತ್ತು. ಬೆನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ.

"ಓದ್ತೀನಿ, ಕೇಳಿಸ್ಕೊಳ್ಳಿ. ಗೊತ್ತಿಲ್ಲದೆ ಸೈನ್ ಹಾಕಿಸ್ಕೊಂಡ್ರು ಅಂತ ಆಗಬಾರದು." ಅವರು ಕನ್ನಡಕ ಏರಿಸಿದರು. "‘ನಿಂಗಮ್ಮ ಕೋಂ ಲೇಟ್ ಸಣ್ಣಸ್ವಾಮಿ ಆದ ನಾನು, ಸದರಿ ಮೂರು ಗುರುವಾರಗಳಂದು ಬೊಳ್ಳಿ ಎಂಬುವರ ಮಗುವಿನ ಹೆಸರನ್ನು ಗಟ್ಟಿಯಾಗಿ ಕೂಗಿ ಕರೆದಿದ್ದು, ಮಗುವಾಗಲಿ ಪೋಷಕರಾಗಲಿ ಹಾಜರಿರಲಿಲ್ಲ. ಸದರಿ ಪೋಷಕರು ಮದ್ಯಪಾನದ ಚಟ ಉಳ್ಳವರಾಗಿದ್ದು, ಮಗುವಿನ ಬಗ್ಗೆ ನಿರ್ಲಕ್ಷ್ಯ ತೋರಿರುವುದು ನನ್ನ ಗಮನಕ್ಕೆ ಬಂದಿರುತ್ತದೆ.’ ಇಷ್ಟೆ."

"ಕುಡಿದಿದ್ದು ನಾನು ನೋಡಿಲ್ಲ ಸಾರ್."

"ಅದೊಂದು ಫಾರ್ಮಾಲಿಟಿ. ಹಾಡಿಯವರ ವಿಷಯ ನಿಮಗೆ ಗೊತ್ತಿಲ್ಲದ್ದಾ? ಕುಡೀತಾರೆ, ಬಿದ್ದಿರ್ತಾರೆ, ಮಕ್ಕಳ ಕಡೆ ಗಮನ ಇರಲ್ಲ. ನೀವು ಅವರ ಹಾಗಲ್ಲ. ನೀವು ಕಷ್ಟಪಟ್ಟು ಮಗಳನ್ನ ಓದಿಸಿದ್ದೀರಿ."

ನಿಂಗಮ್ಮ ತಲೆ ತಗ್ಗಿಸಿದ್ದಳು. ಅವಳು ಹುಟ್ಟಿದ ಊರಿನಲ್ಲಿ, ಮೇಲಿನ ಕೇರಿಯವರು ಅವಳ ಕೆಳಗಿನ ಕೇರಿಯವರ ಬಗ್ಗೆ ಇದನ್ನೇ ಹೇಳುತ್ತಿದ್ದರು. ಇದೇ ಪದಗಳಲ್ಲಿ. ಕುಡೀತಾರೆ, ಬಿದ್ದಿರ್ತಾರೆ, ಮಕ್ಕಳನ್ನ ನೋಡಲ್ಲ. ಅವಳ ತಮ್ಮ ಜ್ವರದಲ್ಲಿ ಸತ್ತಾಗ ಆರೋಗ್ಯ ಕೇಂದ್ರದಲ್ಲಿ ಬರೆದುಕೊಂಡದ್ದೂ ಅದೇ. ಅವ್ವ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಆ ಕೇಂದ್ರದ ಮೆಟ್ಟಿಲ ಮೇಲೆ ಇಡೀ ದಿನ ಕೂತಿದ್ದಳು. ಅವ್ವ ಜೀವಮಾನದಲ್ಲಿ ಹೆಂಡ ಮುಟ್ಟಿದವಳಲ್ಲ.

ವಿಷ್ಣುಪ್ರಸಾದ್ ಇನ್ನೆರಡು ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು.

"ಇದು ನಿಮ್ಮ ಕಾಯಂ ಆದೇಶ. ಇದು ಉಷಾರಾಣಿಯವರದ್ದು. ಕೋರ್ಸು ಮುಗಿದ ದಿನದಿಂದ ನಮ್ಮಲ್ಲೇ ಕೆಲಸ. ಎರಡಕ್ಕೂ ಸೆಕ್ರೆಟರಿ ಸಹಿ ಆಗಿದೆ." ಅವರು ಪುಸ್ತಕಕ್ಕೆ ಕೈ ಚಾಚಿದರು. ಉಷಾರಾಣಿ ಕೊಟ್ಟಳು. ಅವರು ಪುಟ ತೆರೆದು ಅವಳ ಕಡೆಗೇ ತಿರುಗಿಸಿದರು. "ಇದು ಯಾರ ಅಕ್ಷರ ಅಮ್ಮ?"

"ನಂದು ಸಾರ್."

"ನಿಂಗಮ್ಮ, ನಿಮ್ಮ ಹೇಳಿಕೆ ಈ ಪುಸ್ತಕಕ್ಕೆ ಹೊಂದಬೇಕು. ಹೊಂದಲಿಲ್ಲ ಅಂದ್ರೆ ಅವರು ಕೇಳೋದು ಬರೆದವರನ್ನ. ಯಾರು ಹೇಳಿ ಬರೆಸಿದ್ರು ಅನ್ನೋದು ಪುಸ್ತಕದಲ್ಲಿ ಇಲ್ಲ." ಮೆಲ್ಲಗೆ, ನೋವಿನ ದನಿಯಲ್ಲೇ ಹೇಳಿದರು. "ನಿಮ್ಮ ಮಗಳಿಗೆ ತೊಂದರೆ ಆಗೋದು ನನಗೂ ಇಷ್ಟ ಇಲ್ಲ."

ಅವರು ಪೆನ್ನನ್ನೂ ಮಸಿಯ ಪ್ಯಾಡನ್ನೂ ಒಟ್ಟಿಗೆ ಅವಳ ಮುಂದೆ ಸರಿಸಿದರು. "ಸೈನ್ ಹಾಕ್ತೀರೋ, ಹೆಬ್ಬೆಟ್ಟೋ, ನಿಮಗೆ ಹೇಗೆ ಅನುಕೂಲವೋ ಹಾಗೆ."

ನಿಂಗಮ್ಮ ಪೆನ್ನು ತೆಗೆದುಕೊಂಡಳು. ಬೆರಳುಗಳಿಗೆ ಅದು ಹಗುರವಾಯಿತು. ಎಷ್ಟು ಗಟ್ಟಿ ಹಿಡಿಯಬೇಕೋ ತಿಳಿಯಲಿಲ್ಲ. ಹಾಳೆಯ ಕೆಳಗೆ ಒಂದು ಗೆರೆ ಎಳೆದಿದ್ದರು. ಅದರ ಮೇಲೆ ಮೂರಕ್ಷರ ಬರೆದರೆ ಮುಗಿಯಿತು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಕಿಟಕಿಯಲ್ಲಿ ನೋಡಿದಳು. ಡಾಕ್ಟರ್ ಶಿಶಿರ್ ಅವರ ಬಿಳಿ ಕಾರು ಗೇಟಿನ ಕಡೆ ತಿರುಗುತ್ತಿತ್ತು. ಉಳಿದ ಮೂರು ಹಳದಿಗೆ ಯಾರು ತಲೆ ಹಿಡಿದರೋ. ಶಾಂತಪ್ಪ ಸಲ್ಯೂಟ್ ಹೊಡೆದು ಗೇಟು ತೆರೆದ. ಕಾರಿನ ಹಿಂದೆ, ಅಂಗಳದ ಬಿಸಿಲಲ್ಲಿ, ಕರಿಕೆಯ ಹುಡುಗಿ ಮಗುವನ್ನೆತ್ತಿಕೊಂಡು ನಾಲ್ಕು ಹೆಜ್ಜೆ ಓಡಿದಳು. ನಿಂತಳು. ಮಗುವಿನ ಮುಖದ ಮೇಲೆ ಸೆರಗು ಎಳೆದಳು.

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಐದು ನಿಮಿಷ.

"ಸಾರ್," ಅಂದಳು ನಿಂಗಮ್ಮ. "ಇವತ್ತಿನ ಬಿಳಿ ಚೀಟಿ ಆರೂ ಉಳ್ಕಂಡವು."

"ಅದು ಬೇರೆ ವಿಷಯ. ಆಮೇಲೆ ಮಾತಾಡೋಣ."

"ಅವಕ್ಕೆ ಏನಂತ ಬರೀತಾಳೆ ನನ್ನ ಮಗಳು?"

ವಿಷ್ಣುಪ್ರಸಾದ್ ಕನ್ನಡಕ ತೆಗೆದು ಒರೆಸಿದರು. "ಯಾವಾಗಲೂ ಏನು ಬರೀತಾರೋ ಅದೇ."

ನಿಂಗಮ್ಮ ಮಗಳ ಕಡೆ ತಿರುಗಿದಳು. ಉಷಾರಾಣಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳೂ ಆ ಹುಡುಗಿಯನ್ನು ನೋಡಿದ್ದಳು.

"ಬರೀತೀಯೇನೇ?"

"ಅಮ್ಮ, ಬೇಡಮ್ಮ. ಈಗ ಬೇಡ."

"ಕೇಳಿದ್ದಕ್ಕೆ ಹೇಳು."

ಉಷಾರಾಣಿ ಅಳಲು ಶುರುಮಾಡಿದಳು. ಸದ್ದಿಲ್ಲದೆ, ನಿಂತಲ್ಲೇ, ಕೈ ಕೆಳಗೆ ಬಿಟ್ಟುಕೊಂಡು. ನಿಂಗಮ್ಮ ಎದ್ದು ಅವಳನ್ನು ತಬ್ಬಿಕೊಳ್ಳಲಿಲ್ಲ. ಎದ್ದರೆ ಮತ್ತೆ ಈ ಕುರ್ಚಿಯಲ್ಲಿ ಕೂರುವ ಧೈರ್ಯ ಬರುವುದಿಲ್ಲವೆಂದು ಗೊತ್ತಿತ್ತು.

"ನಿಂಗಮ್ಮ, ಮೂರು ಗಂಟೆಗೆ ಅವರು ಬರ್ತಾರೆ. ನಾನು ಜೆರಾಕ್ಸ್ ಕಾಪಿ ತೆಗೆಸ್ಬೇಕು. ಸಹಿ ಹಾಕಿ."

ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. ಉರುಳದ ಹಾಗೆ ಎರಡು ಬೆರಳಿಂದ ನಿಲ್ಲಿಸಿದಳು. ಆಮೇಲೆ ಮೂರೂ ಹಾಳೆಗಳನ್ನು, ಮಗಳ ಹೆಸರಿದ್ದದ್ದನ್ನೂ ಸೇರಿಸಿ, ಅವರ ಕಡೆಗೆ ದೂಡಿದಳು.

"ಏನಿದು?"

"ಆ ಮಗು ಬಂದಿತ್ತು ಸಾರ್. ನಾನೇ ಹಿಡ್ಕಂಡಿದ್ದೆ."

"ಅಮ್ಮ," ಅಂದಳು ಉಷಾರಾಣಿ.

"ನೀನು ಬರ್ದಿದ್ದನ್ನ ನೀನು ಹೇಳ್ಕೊ. ಯಾರು ಬರೆಸಿದ್ರು ಅಂತ ಹೇಳ್ತೀಯೋ ಬಿಡ್ತೀಯೋ, ಅದು ನಿಂಗೆ ಬಿಟ್ಟಿದ್ದು."

"ಯೋಚನೆ ಮಾಡಿ," ಅಂದರು ವಿಷ್ಣುಪ್ರಸಾದ್. ಅವರ ದನಿ ಈಗಲೂ ಏರಲಿಲ್ಲ. "ನಾಳೆಯಿಂದ ನೀವಿಬ್ಬರೂ ಇಲ್ಲಿ ಇರಲ್ಲ. ಹುಡುಗಿಯ ಅಂಕಪಟ್ಟಿ ನಮ್ಮ ಹತ್ತಿರ ಇದೆ. ಇನ್ನೊಂದು ಆಸ್ಪತ್ರೆಯಲ್ಲಿ ನಿಮ್ಮನ್ನ ಸೇರಿಸ್ಕೊಳ್ಳೋ ಮುಂಚೆ ನನಗೆ ಫೋನ್ ಮಾಡ್ತಾರೆ. ಇದೆಲ್ಲ ಗೊತ್ತಿದ್ದೂ ಹೇಳ್ತಿದ್ದೀರಾ?"

"ಗೊತ್ತು ಸಾರ್."

"ಹಾಗಾದ್ರೆ ಹಾಕಿ."

"ಹಾಕಲ್ಲ."